ದುನ್‌ಹುವಾಂಗ್ ಕಲೆಯ ಸಾರ್ವಜನಿಕ ಪ್ರದರ್ಶನ

ದುನ್‌ಹುವಾಂಗ್ ಕಲೆಯ ಸಾರ್ವಜನಿಕ ಪ್ರದರ್ಶನ ಎಂದರೆ ಚೀನಾದ ಗಾನ್ಸು ಪ್ರಾಂತ್ಯದ ಮೊಗಾವೊ ಬೌದ್ಧ ಗುಹೆಗಳ ಭಿತ್ತಿಚಿತ್ರ, ಮೂರ್ತಿ, ರೇಷ್ಮೆಪಟ ಮತ್ತು ಹಸ್ತಪ್ರತಿಗಳನ್ನು ಜನರ ಮುಂದಿಡುವ ಪ್ರವಚನ, ಉತ್ಸವ, ವಸ್ತುಪ್ರದರ್ಶನ, ನೃತ್ಯರೂಪಕ, ಚಲನಚಿತ್ರ ಹಾಗೂ ಡಿಜಿಟಲ್ ಪ್ರದರ್ಶನಗಳ ಪರಂಪರೆ. ಇದರಲ್ಲಿ ಎರಡು ಘಟ್ಟಗಳಿವೆ. ಮೊದಲನೆಯದು ತಾಂಗ್ ಮತ್ತು ಸೋಂಗ್ ರಾಜವಂಶಗಳ ಕಾಲದ್ದು. ಆಗ ಚಿತ್ರವೂ ಕಥೆಯೂ ದೀಪವೂ ಪೂಜೆಯ ಅಂಗಗಳಾಗಿದ್ದವು. ಎರಡನೆಯದು, ಹಸ್ತಪ್ರತಿಗಳು ಅಡಗಿದ್ದ ಗ್ರಂಥಗುಹೆ 1900ರಲ್ಲಿ ತೆರೆದ ಮೇಲಿನದು. ಈ ಘಟ್ಟದಲ್ಲಿ ಗುಹೆಯ ಕಲೆ ಪ್ರತಿಗಳ ರೂಪದಲ್ಲಿ, ಒಡೆದು ಸಾಗಿಸಿದ ತುಂಡುಗಳ ರೂಪದಲ್ಲಿ, ಕೊನೆಗೆ ಬೆಳಕಿನ ಬಿಂಬವಾಗಿ ಊರೂರು ಸುತ್ತಿತು. ಜಗತ್ತಿನ ಬಹುಪಾಲು ಜನ ದುನ್‌ಹುವಾಂಗ್ ಕಲೆ ಎಂದು ನೋಡಿರುವುದು ಮೂಲವನ್ನಲ್ಲ, ಪ್ರತಿಯನ್ನು.

ಪರಿಭಾಷೆ

ದುನ್‌ಹುವಾಂಗ್ ಎಂಬುದು ಪಟ್ಟಣದ ಹೆಸರು, ಮೊಗಾವೊ ಎಂಬುದು ಗುಹಾಸಮೂಹದ ಹೆಸರು. ಗುಹೆಗಳಿಗೆ ಸಹಸ್ರಬುದ್ಧ ಗುಹೆಗಳು ಎಂಬ ರೂಢಿಯ ಹೆಸರೂ ಉಂಟು. ಈ ಲೇಖನದಲ್ಲಿ ಮತ್ತೆ ಮತ್ತೆ ಬರುವ ಮೂರು ಚೀನೀ ಪದಗಳನ್ನು ಮೊದಲೇ ನಿಗದಿಪಡಿಸಿಕೊಳ್ಳಬೇಕು. ಸುಜಿಯಾಂಗ್ ಎಂದರೆ ಗೃಹಸ್ಥರಿಗಾಗಿ ಭಿಕ್ಷುಗಳು ಮಾಡುತ್ತಿದ್ದ ಪ್ರವಚನ. ಇಲ್ಲಿ ಅದನ್ನು ಲೋಕಪ್ರವಚನ ಎನ್ನಲಾಗಿದೆ. ಬಿಯನ್‌ವೆನ್ ಎಂದರೆ ಗದ್ಯ ಪದ್ಯಗಳು ಬೆರೆತ, ಆಡುಮಾತಿಗೆ ಹತ್ತಿರವಾದ ಕಥಾಪಠ್ಯ. ಇದು ಪರಿವರ್ತನ ಕಥೆ. ಬಿಯನ್‌ಶಿಯಾಂಗ್ ಎಂದರೆ ಸೂತ್ರಗ್ರಂಥದ ಇಲ್ಲವೆ ಕಥೆಯ ವಸ್ತುವನ್ನು ಗೋಡೆಯ ಮೇಲೆ ಅಥವಾ ಪಟದಲ್ಲಿ ಬಿಡಿಸಿದ ಚಿತ್ರ. ಇದು ಪರಿವರ್ತನ ಚಿತ್ರ. ಬಿಯನ್ ಎಂಬ ಮಾತಿಗೆ ಬದಲಾಗುವುದು ಎಂಬ ಸಾಮಾನ್ಯ ಅರ್ಥದ ಜೊತೆಗೆ ಪವಾಡದಂತೆ ಪ್ರಕಟವಾಗುವುದು ಎಂಬ ಬೌದ್ಧ ಅರ್ಥವೂ ಇದೆ. ಪ್ರತಿ ಎಂಬ ಪದವನ್ನು ಇಲ್ಲಿ ಕಲಾವಿದ ಕೈಯಿಂದ ಬರೆದ ಭಿತ್ತಿಚಿತ್ರದ ನಕಲಿಗೆ ಮಾತ್ರ ಬಳಸಿದೆ. ಗುಹೆಯನ್ನೇ ಪೂರ್ಣ ಅಳತೆಯಲ್ಲಿ ಮತ್ತೆ ಕಟ್ಟಿದ್ದು ಪ್ರತಿಗುಹೆ.

ಸ್ಥಳ

ಮೊಗಾವೊ ಗುಹೆಗಳು ದುನ್‌ಹುವಾಂಗ್ ಪಟ್ಟಣದಿಂದ ಆಗ್ನೇಯಕ್ಕೆ 25 ಕಿ.ಮೀ. ದೂರದಲ್ಲಿ, ದಾಚುವಾನ್ ಹೊಳೆಯ ದಂಡೆಯ ಕಡಿದಾದ ಬಂಡೆಯಲ್ಲಿವೆ. ಎದುರಿಗೆ ಸಾನ್‌ವೇಯ್ ಬೆಟ್ಟ. ಲೆಝುನ್ ಎಂಬ ಭಿಕ್ಷು ಈ ಬೆಟ್ಟದ ಮೇಲೆ ಸಾವಿರ ಬುದ್ಧರಂತೆ ಹೊಳೆಯುವ ಹೊಂಬೆಳಕನ್ನು ಕಂಡು 366ರಲ್ಲಿ ಮೊದಲ ಗುಹೆಯನ್ನು ಕೊರೆಸಿದನೆಂದು ತಾಂಗ್ ಕಾಲದ ಶಾಸನ ಹೇಳುತ್ತದೆ. ಅಲ್ಲಿಂದ 14ನೆಯ ಶತಮಾನದವರೆಗೆ ಕೆಲಸ ನಡೆಯಿತು. ಒಟ್ಟು 735 ಗುಹೆಗಳಿದ್ದು, ಚಿತ್ರ ಮತ್ತು ಮೂರ್ತಿಗಳಿರುವವು 492. ಉಳಿದವುಗಳಲ್ಲಿ ಬಹುತೇಕ ಉತ್ತರ ಭಾಗದ ವಾಸದ ಹಾಗೂ ಧ್ಯಾನದ ಕೋಣೆಗಳು. ಭಿತ್ತಿಚಿತ್ರಗಳ ವಿಸ್ತೀರ್ಣ ಸುಮಾರು 45,000 ಚದರ ಮೀಟರ್. ಬಣ್ಣ ಹಚ್ಚಿದ ಮಣ್ಣಿನ ಮೂರ್ತಿಗಳು 2,000ಕ್ಕೂ ಹೆಚ್ಚು. ಯುನೆಸ್ಕೋ 1987ರಲ್ಲಿ ಇದನ್ನು ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.

ಬಂಡೆ ಉರುಟುಕಲ್ಲು ಮರಳು ಬೆರೆತದ್ದು. ಅದರಲ್ಲಿ ಅಜಂತೆಯಂತೆ ಶಿಲ್ಪ ಕಡೆಯಲು ಆಗದು. ಆದ್ದರಿಂದ ಗೋಡೆಗೆ ಹುಲ್ಲು ಬೆರೆಸಿದ ಮಣ್ಣಿನ ಗಾರೆ ಮೆತ್ತಿ ಅದರ ಮೇಲೆ ಚಿತ್ರ ಬರೆದರು, ಮೂರ್ತಿಗಳನ್ನು ಮಣ್ಣಿನಲ್ಲೇ ಮಾಡಿದರು. ಕಲ್ಲಿಲ್ಲದ್ದರಿಂದ ಬಣ್ಣ ಬೆಳೆಯಿತು. 285ನೆಯ ಗುಹೆಯಲ್ಲಿ 538 ಮತ್ತು 539ರ ಬರಹಗಳಿವೆ. ಅದರ ಪಶ್ಚಿಮ ಗೋಡೆಯ ಮೇಲೆ ಬುದ್ಧನ ಪರಿವಾರವಾಗಿ ಮಹೇಶ್ವರ, ವಿನಾಯಕ, ಕುಮಾರರು ಕುಳಿತಿದ್ದಾರೆ. ಹೋಲಿಸಿ ನೋಡುವುದಾದರೆ, ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಲೇಶನ ಶಾಸನ ಬಿದ್ದದ್ದು 578ರಲ್ಲಿ, ಅಂದರೆ 285ನೆಯ ಗುಹೆ ಮುಗಿದ ಸುಮಾರು ನಾಲ್ಕು ದಶಕಗಳ ಮೇಲೆ.

ಮೂಲ: ಲೋಕಪ್ರವಚನ, ಪಟಕಥನ, ದೀಪೋತ್ಸವ

ತಾಂಗ್ ರಾಜವಂಶದ ಕಾಲದಲ್ಲಿ (618–907) ಬೌದ್ಧ ವಿಹಾರಗಳು ಪೂಜಾಸ್ಥಳಗಳಷ್ಟೇ ಆಗಿರಲಿಲ್ಲ. ಊರಿನ ಜನ ಕಥೆ ಕೇಳಲು, ಚಿತ್ರ ನೋಡಲು, ಜಾತ್ರೆ ಮಾಡಲು ಸೇರುತ್ತಿದ್ದುದೂ ಅಲ್ಲೇ. ಲೋಕಪ್ರವಚನಕ್ಕೆ ಅರಸರ ಆಶ್ರಯವಿತ್ತು. ಚಕ್ರವರ್ತಿ ಜಿಂಗ್‌ಝೋಂಗ್ 826ರಲ್ಲಿ ರಾಜಧಾನಿ ಚಾಂಗಾನ್‌ನ ವಿಹಾರಕ್ಕೆ ತಾನೇ ಹೋಗಿ ವೆನ್‌ಶು ಎಂಬ ಭಿಕ್ಷುವಿನ ಪ್ರವಚನ ಕೇಳಿದ. ಈ ವೆನ್‌ಶು ಆ ಕಾಲದ ಅತ್ಯಂತ ಜನಪ್ರಿಯ ಪ್ರವಚನಕಾರ. ಧರ್ಮದ ನೆಪದಲ್ಲಿ ಹಗುರ ಕಥೆಗಳನ್ನು ಹೇಳಿ ಜನರನ್ನು ಸೆಳೆಯುತ್ತಾನೆಂದು ಪಂಡಿತರು ಅವನನ್ನು ಹಳಿದಿದ್ದಾರೆ. 841ರಲ್ಲಿ ಚಾಂಗಾನ್‌ನಲ್ಲಿದ್ದ ಜಪಾನಿನ ಯಾತ್ರಿಕ ಭಿಕ್ಷು ಎನ್ನಿನ್, ಅರಮನೆಯ ಆಜ್ಞೆಯಂತೆ ನಗರದ ಏಳು ವಿಹಾರಗಳಲ್ಲಿ ಲೋಕಪ್ರವಚನ ಏರ್ಪಟ್ಟದ್ದನ್ನು ದಿನಚರಿಯಲ್ಲಿ ದಾಖಲಿಸಿದ್ದಾನೆ. ಆ ಆಜ್ಞೆ ಹೊರಡಿಸಿದ್ದ ಚಕ್ರವರ್ತಿ ವೂಝೋಂಗನೇ ನಾಲ್ಕು ವರ್ಷಗಳ ಬಳಿಕ, 845ರಲ್ಲಿ, ವಿಹಾರಗಳನ್ನು ಕೆಡವಿಸಿ ಭಿಕ್ಷುಗಳನ್ನು ಸಂಸಾರಕ್ಕೆ ಅಟ್ಟಿದ. ದುನ್‌ಹುವಾಂಗ್ ಆಗ ಟಿಬೆಟ್ಟಿನ ಆಳ್ವಿಕೆಯಲ್ಲಿತ್ತು. ಚಕ್ರವರ್ತಿಯ ಆಜ್ಞೆ ಅಲ್ಲಿಗೆ ಮುಟ್ಟಲಿಲ್ಲ. ಚಾಂಗಾನ್‌ನ ವಿಹಾರಗಳ ಗೋಡೆಚಿತ್ರಗಳು ಅಳಿದು, ಗಡಿನಾಡಿನ ಈ ಊರಿನವು ಉಳಿದುದಕ್ಕೆ ಇದೊಂದು ಮುಖ್ಯ ಕಾರಣ.

ಪರಿವರ್ತನ ಕಥೆಗಳನ್ನು ಚಿತ್ರ ತೋರಿಸುತ್ತ ಹೇಳುತ್ತಿದ್ದರು. ಭಿಕ್ಷುಗಳಲ್ಲದ ವೃತ್ತಿ ಕಥೆಗಾರರೂ ಇದ್ದರು. ಶು ಪ್ರಾಂತ್ಯದ ಹೆಂಗಸೊಬ್ಬಳು ಪಟವನ್ನು ಬಿಚ್ಚುತ್ತ ವಾಂಗ್ ಝಾವೊಜುನ್‌ಳ ಕಥೆ ಹಾಡುತ್ತಿದ್ದುದನ್ನು ತಾಂಗ್ ಕವಿಯೊಬ್ಬ ವರ್ಣಿಸಿದ್ದಾನೆ. ಈ ಕಲೆಯ ಅತಿ ಸ್ಪಷ್ಟ ಸಾಕ್ಷ್ಯ ಗ್ರಂಥಗುಹೆಯಲ್ಲಿ ಸಿಕ್ಕಿದ, ಈಗ ಪ್ಯಾರಿಸ್ಸಿನ ಫ್ರೆಂಚ್ ರಾಷ್ಟ್ರೀಯ ಗ್ರಂಥಾಲಯದಲ್ಲಿ ಪೆಲಿಯೊ 4524 ಎಂಬ ಸಂಖ್ಯೆಯಲ್ಲಿರುವ ಸುರುಳಿ. ಅದರ ಒಂದು ಮಗ್ಗುಲಲ್ಲಿ ಶಾರಿಪುತ್ರನಿಗೂ ಪರಮತದ ರೌದ್ರಾಕ್ಷನಿಗೂ ನಡೆದ ಮಾಯಾಸ್ಪರ್ಧೆಯ ಚಿತ್ರಗಳಿವೆ. ರೌದ್ರಾಕ್ಷ ಕೋಣವಾದರೆ ಶಾರಿಪುತ್ರ ಸಿಂಹವನ್ನು ಬರಿಸುತ್ತಾನೆ. ಅವನು ಕೊಳವನ್ನು ನಿರ್ಮಿಸಿದರೆ ಇವನ ಆನೆ ಅದನ್ನು ಹೀರಿಬಿಡುತ್ತದೆ. ನಾಗನೆದುರು ಗರುಡ, ಮರದೆದುರು ಬಿರುಗಾಳಿ. ಸುರುಳಿಯ ಬೆನ್ನಿಗೆ ಆಯಾ ದೃಶ್ಯಕ್ಕೆ ಸರಿಯಾಗಿ ಪದ್ಯಗಳನ್ನು ಬರೆದಿದೆ. ಸಭೆಗೆ ಚಿತ್ರ, ಕಥೆಗಾರನಿಗೆ ಪಠ್ಯ.

ಇನ್ನೊಂದು ಪ್ರಸಿದ್ಧ ಕಥೆ ಮೂಲಿಯನ್‌ನದು. ಬುದ್ಧನ ಶಿಷ್ಯ ಮೌದ್ಗಲ್ಯಾಯನನ ಚೀನೀ ಹೆಸರು ಇದು. ಅವನು ನರಕಕ್ಕಿಳಿದು ತಾಯಿಯನ್ನು ಬಿಡಿಸುವ ಕಥೆಯ ಹಸ್ತಪ್ರತಿಯೊಂದನ್ನು 921ರಲ್ಲಿ ದುನ್‌ಹುವಾಂಗ್‌ನ ವಿಹಾರವೊಂದರ ವಿದ್ಯಾರ್ಥಿ ನಕಲು ಮಾಡಿದ್ದಾನೆ. ಶೀರ್ಷಿಕೆಯಲ್ಲಿ ಚಿತ್ರಸಹಿತವೆಂಬ ಸೂಚನೆಯಿದ್ದರೂ ಉಳಿದಿರುವ ಸುರುಳಿಯಲ್ಲಿ ಚಿತ್ರಗಳಿಲ್ಲ. ಏಳನೆಯ ತಿಂಗಳ ಹುಣ್ಣಿಮೆಯ ಉಲ್ಲಂಬನ ಹಬ್ಬಕ್ಕೆ ಈ ಕಥೆ ಆಧಾರ. ಉತ್ತರ ಸೋಂಗ್ ರಾಜಧಾನಿ ಕೈಫೆಂಗ್‌ನಲ್ಲಿ ಆ ಹಬ್ಬದ ದಿನಗಳ ಉದ್ದಕ್ಕೂ ಮೂಲಿಯನ್ ನಾಟಕ ಆಡುತ್ತಿದ್ದರು.

ಅಮೆರಿಕದ ವಿದ್ವಾಂಸ ವಿಕ್ಟರ್ ಮೇರ್ ‘ಪೇಂಟಿಂಗ್ ಅಂಡ್ ಪರ್ಫಾರ್ಮೆನ್ಸ್’ (1988) ಗ್ರಂಥದಲ್ಲಿ ಈ ಪಟಕಥನದ ಬೇರನ್ನು ಭಾರತದಲ್ಲಿ ಗುರುತಿಸಿ, ಜಾವಾದ ಪಟ ವಯಾಂಗ್, ಜಪಾನಿನ ಎತೋಕಿಗಳೊಂದಿಗೆ ಹೋಲಿಸಿದ್ದಾರೆ. ಭಾರತೀಯ ಪಟಕಥನಕ್ಕೆ ಸಿಗುವ ಆಧಾರಗಳಲ್ಲಿ ಒಂದು ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’. 12ನೆಯ ಶತಮಾನದ ಈ ಸಂಸ್ಕೃತ ಕೋಶಗ್ರಂಥದಲ್ಲಿ ಬಣ್ಣದ ಚಿತ್ರಗಳನ್ನಿಟ್ಟುಕೊಂಡು ಕಥೆ ಹೇಳುವ ಚಿತ್ರಕಥಿಯ ಮಾತು ಬರುತ್ತದೆ. ಗುಹೆಗಳ ಗೋಡೆಚಿತ್ರಗಳನ್ನೇ ತೋರಿಸುತ್ತ ಕಥೆ ಹೇಳುತ್ತಿದ್ದರೇ ಎಂಬುದು ಬೇರೆ ಪ್ರಶ್ನೆ. ಕಲಾ ಇತಿಹಾಸಕಾರ ವೂ ಹುಂಗ್ ಇದನ್ನು ಒಪ್ಪುವುದಿಲ್ಲ. ಶಾರಿಪುತ್ರನ ಕಥೆ 196ನೆಯ ಗುಹೆಯ ದೊಡ್ಡ ಗೋಡೆಯ ಮೇಲೂ ಇದೆ. ಅಲ್ಲಿ ದೃಶ್ಯಗಳು ಕಥೆಯ ಸರಣಿಯಲ್ಲಿಲ್ಲ, ಇಬ್ಬರು ಸ್ಪರ್ಧಿಗಳನ್ನು ಎದುರುಬದುರು ಕೂರಿಸಿ ನಡುವೆ ಚೆಲ್ಲಿವೆ. ಒಳಗೆ ಬೆಳಕೂ ಕಡಿಮೆ. ಗುಹೆಯ ಚಿತ್ರ ಅರ್ಪಣೆಗೆ, ಸುರುಳಿಯ ಚಿತ್ರ ಸಭೆಗೆ ಎಂಬ ಈ ವಿಂಗಡಣೆ ಹೆಚ್ಚು ಒಪ್ಪುವಂತಿದೆ.

ಆದರೂ ಗುಹೆಗಳಲ್ಲಿ ಜನ ಸೇರುತ್ತಿದ್ದರು. ಎರಡನೆಯ ತಿಂಗಳಲ್ಲಿ ಬುದ್ಧಮೂರ್ತಿಯ ಮೆರವಣಿಗೆ, ಮೊದಲ ತಿಂಗಳ ಹುಣ್ಣಿಮೆಗೆ ದೀಪ ಹಚ್ಚುವುದು ಮುಂತಾದ ಉತ್ಸವಗಳ ಲೆಕ್ಕಪತ್ರಗಳು ಗ್ರಂಥಗುಹೆಯಲ್ಲಿ ಸಿಕ್ಕಿವೆ. ಹನ್ನೆರಡನೆಯ ತಿಂಗಳ ಎಂಟನೆಯ ರಾತ್ರಿ ಯಾವ ಗುಹೆಗೆ ಎಷ್ಟು ದೀಪ, ಯಾರ ಹೊಣೆ ಎಂದು ಹಂಚಿಕೊಟ್ಟ ಪಟ್ಟಿಯೊಂದು ಉಳಿದಿದೆ. ಆ ಕಾಲದಲ್ಲಿ ಗುಹೆಗಳಿಗಿದ್ದ ಹೆಸರುಗಳು ತಿಳಿಯುವುದೂ ಅದರಿಂದಲೇ. ಇವುಗಳ ಖರ್ಚಿಗೆ ಊರಿನವರು ಶೆ ಎಂಬ ಸಂಘಗಳನ್ನು ಕಟ್ಟಿಕೊಂಡು ಧಾನ್ಯ ಎಣ್ಣೆಗಳ ವಂತಿಗೆ ಹಾಕುತ್ತಿದ್ದರು.

ಗ್ರಂಥಗುಹೆ ಮತ್ತು ಸಂಗ್ರಹಗಳ ಚದುರಿಕೆ

ಸಮುದ್ರಮಾರ್ಗದ ವ್ಯಾಪಾರ ಬೆಳೆದು, ಮಿಂಗ್ ರಾಜ್ಯದ ಗಡಿಯ ಆಚೆಗೆ ಉಳಿದು ದುನ್‌ಹುವಾಂಗ್ ಮಂಕಾಯಿತು. 1900ರಲ್ಲಿ, ಗುಹೆಗಳನ್ನು ನೋಡಿಕೊಳ್ಳುತ್ತಿದ್ದ ದಾವೊ ಪಂಥದ ವಾಂಗ್ ಯುವಾನ್‌ಲು 16ನೆಯ ಗುಹೆಯ ಮರಳು ತೆಗೆಸುವಾಗ ಪಕ್ಕದ ಗೋಡೆಯ ಹಿಂದೆ ಅಡಗಿದ್ದ ಚಿಕ್ಕ ಕೋಣೆಯನ್ನು ಪತ್ತೆಮಾಡಿದ. ಇಂದು 17ನೆಯ ಗುಹೆ ಎನಿಸಿರುವ ಈ ಗ್ರಂಥಗುಹೆ ಮೊದಲು ಹೋಂಗ್‌ಬಿಯನ್ ಎಂಬ ಹಿರಿಯ ಭಿಕ್ಷುವಿನ ಸ್ಮಾರಕ. 11ನೆಯ ಶತಮಾನದ ಆರಂಭದಲ್ಲಿ ಇದನ್ನು ಮುಚ್ಚಿದ್ದರು. ಒಳಗೆ ಸುಮಾರು 50,000 ಹಸ್ತಪ್ರತಿ, ಮುದ್ರಿತ ಹಾಳೆ ಮತ್ತು ಪಟಗಳಿದ್ದವು. 868ರ ದಿನಾಂಕವುಳ್ಳ ಮುದ್ರಿತ ವಜ್ರಚ್ಛೇದಿಕಾ ಸೂತ್ರವೂ ಇವುಗಳಲ್ಲಿ ಸೇರಿತ್ತು.

ಬ್ರಿಟಿಷ್ ಅನ್ವೇಷಕ ಆರೆಲ್ ಸ್ಟೈನ್ 1907ರಲ್ಲಿ, ಫ್ರೆಂಚ್ ವಿದ್ವಾಂಸ ಪಾಲ್ ಪೆಲಿಯೊ 1908ರಲ್ಲಿ ವಾಂಗ್‌ನಿಗೆ ಸಣ್ಣ ಮೊತ್ತ ಕೊಟ್ಟು ದೊಡ್ಡ ಪಾಲನ್ನು ಸಾಗಿಸಿದರು. ಜಪಾನಿನ ಓತಾನಿ ತಂಡ, ರಷ್ಯದ ಓಲ್ದೆನ್‌ಬುರ್ಗ್ ಬಳಿಕ ಬಂದರು. 1924ರಲ್ಲಿ ಹಾರ್ವರ್ಡ್‌ನ ಲ್ಯಾಂಗ್‌ಡನ್ ವಾರ್ನರ್ ಗೋಡೆಯಿಂದಲೇ ಚಿತ್ರದ ತುಂಡುಗಳನ್ನು ಕಿತ್ತು, 328ನೆಯ ಗುಹೆಯ ಮಂಡಿಯೂರಿದ ಬೋಧಿಸತ್ತ್ವ ಮೂರ್ತಿಯನ್ನೂ ಒಯ್ದರು. ಹೀಗೆ ಒಂದೇ ಕೋಣೆಯ ಸಂಗ್ರಹ ಲಂಡನ್, ಪ್ಯಾರಿಸ್, ಸೇಂಟ್ ಪೀಟರ್ಸ್‌ಬರ್ಗ್, ಬೀಜಿಂಗ್, ದೆಹಲಿ ಮತ್ತು ಜಪಾನಿಗೆ ಹಂಚಿಹೋಯಿತು. ಮುಂದಿನ ನೂರು ವರ್ಷಗಳ ಪ್ರದರ್ಶನಗಳ ಭೂಪಟವನ್ನು ಬರೆದದ್ದು ಈ ಹಂಚಿಕೆಯೇ.

ಪ್ರತಿಚಿತ್ರಣ

ಗೋಡೆಯನ್ನು ಸಾಗಿಸಲಾಗದು, ಆದ್ದರಿಂದ ದುನ್‌ಹುವಾಂಗ್ ಕಲೆಯನ್ನು ಚೀನಾದ ನಗರಗಳಿಗೆ ಮುಟ್ಟಿಸಿದ್ದು ಪ್ರತಿಗಳು. ಖ್ಯಾತ ಚಿತ್ರಕಾರ ಝಾಂಗ್ ದಾಚಿಯನ್ 1941ರಿಂದ 1943ರವರೆಗೆ ಗುಹೆಗಳ ಬಳಿ ತಂಗಿ 200ಕ್ಕೂ ಹೆಚ್ಚು ಪ್ರತಿಗಳನ್ನು ಸಿದ್ಧಪಡಿಸಿದರು. ಕುಂಬುಮ್ ಮಠದ ಕಡೆಯ ಟಿಬೆಟನ್ ಚಿತ್ರಕಾರರು ಬಣ್ಣ ಅರೆದು, ಬಟ್ಟೆ ಹದಮಾಡಿ ಅವರಿಗೆ ನೆರವಾದರು. ಮಾಸಿದ ಬಣ್ಣ ಮೊದಲು ಹೇಗಿದ್ದಿರಬಹುದೆಂದು ಊಹಿಸಿ ಬರೆದದ್ದರಿಂದ ಅವರ ಪ್ರತಿಗಳು ಝಗಝಗಿಸುತ್ತವೆ. ಒಳಗಿನ ಹಳೆಯ ಚಿತ್ರ ನೋಡಲು ಮೇಲಿನ ಪದರವನ್ನು ಕೆಡವಿದರೆಂಬ ಆರೋಪ ಅವರ ಹೆಸರಿಗೆ ಇಂದಿಗೂ ಅಂಟಿದೆ.

1944ರಲ್ಲಿ ಸರ್ಕಾರ ರಾಷ್ಟ್ರೀಯ ದುನ್‌ಹುವಾಂಗ್ ಕಲಾ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ನಿರ್ದೇಶಕರು ಚಾಂಗ್ ಶುಹೋಂಗ್. ಪ್ಯಾರಿಸ್ಸಿನಲ್ಲಿ ತೈಲಚಿತ್ರ ಕಲಿಯುತ್ತಿದ್ದಾಗ ಪೆಲಿಯೊನ ಗುಹಾಚಿತ್ರ ಸಂಪುಟಗಳನ್ನು ಕಂಡು ತಮ್ಮ ದೇಶದ ಕಲೆಯ ಕಡೆಗೆ ತಿರುಗಿದವರು ಅವರು. ಸಂಸ್ಥೆ 1950ರಲ್ಲಿ ಹೆಸರು ಬದಲಿಸಿ, 1984ರಲ್ಲಿ ದುನ್‌ಹುವಾಂಗ್ ಅಕಾಡೆಮಿಯಾಯಿತು. ಗೋಡೆಗೆ ಹಾಳೆ ಒತ್ತಿ ಗೆರೆ ತೆಗೆಯುವುದನ್ನು ಸಂಸ್ಥೆ ನಿಷೇಧಿಸಿ, ಎದುರು ಕುಳಿತು ನೋಡಿ ಬರೆಯುವುದನ್ನೇ ನಿಯಮ ಮಾಡಿತು.

ಸಂಸ್ಥೆಯ ರೂಢಿಯಲ್ಲಿ ಪ್ರತಿ ಮೂರು ಬಗೆ. ಯಥಾಸ್ಥಿತಿ ಪ್ರತಿಯಲ್ಲಿ ಬಿರುಕು, ಕಲೆ, ಕಪ್ಪಾದ ಬಣ್ಣ ಇವೆಲ್ಲ ಇಂದು ಇರುವಂತೆಯೇ ಬರುತ್ತವೆ. ಶೋಧಿತ ಪ್ರತಿಯಲ್ಲಿ ಆಕೃತಿಗೆ ಅಡ್ಡಬರುವ ಹಾನಿಯನ್ನಷ್ಟೇ ಬಿಟ್ಟು, ಆಧಾರವಿರುವಲ್ಲಿ ಗೆರೆ ಪೂರ್ತಿಮಾಡುತ್ತಾರೆ. ಪುನಾರಚಿತ ಪ್ರತಿ ಮೂಲ ಬಣ್ಣ ಮೂಲ ರೂಪಗಳನ್ನು ಅಧ್ಯಯನದಿಂದ ಮತ್ತೆ ಕಟ್ಟುವಂಥದು. ಕೊನೆಯ ಬಗೆಯ ಮೇರು ನಿದರ್ಶನ ದುವಾನ್ ವೆನ್‌ಜಿಯೆ 1955ರಲ್ಲಿ ಬರೆದ, 130ನೆಯ ಗುಹೆಯ ‘ಪ್ರಾಂತಾಧಿಪತಿಯ ಪತ್ನಿಯ ಬುದ್ಧವಂದನೆ’. ತಾಂಗ್ ಕಾಲದ ಸಿರಿವಂತ ಹೆಂಗಸರ ಉಡುಗೆ, ಮುಡಿ, ನಿಲುವುಗಳ ಈ ಚಿತ್ರದ ಮೂಲ ಗೋಡೆಯ ಮೇಲೆ ಈಗ ಗುರುತು ಹಿಡಿಯಲಾಗದಷ್ಟು ಮಾಸಿದೆ, ಪ್ರತಿಯೇ ಆಕರವಾಗಿದೆ.

ಪ್ರತಿಚಿತ್ರಣಕ್ಕೆ ಭಾರತದಲ್ಲಿ ಇದಕ್ಕಿಂತ ಹಳೆಯ ಚರಿತ್ರೆಯಿದೆ. ಅಜಂತೆಯಲ್ಲಿ ರಾಬರ್ಟ್ ಗಿಲ್ ಮಾಡಿದ ಪ್ರತಿಗಳಲ್ಲಿ ಬಹುಪಾಲು 1866ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನ ಬೆಂಕಿಗೆ ಆಹುತಿಯಾದವು. 20ನೆಯ ಶತಮಾನದ ಆರಂಭದಲ್ಲಿ ಲೇಡಿ ಹೆರಿಂಗ್‌ಹ್ಯಾಮ್ ನಡೆಸಿದ ಅಜಂತಾ ಪ್ರತಿಚಿತ್ರಣದಲ್ಲಿ ನಂದಲಾಲ್ ಬೋಸ್, ಅಸಿತ್ ಕುಮಾರ್ ಹಾಲ್ದಾರ್ ಅವರೊಂದಿಗೆ ಮೈಸೂರಿನ ಕೆ. ವೆಂಕಟಪ್ಪನವರೂ ದುಡಿದಿದ್ದರು.

ಚೀನಾದಲ್ಲಿ ಪ್ರದರ್ಶನಗಳು

ಝಾಂಗ್ ದಾಚಿಯನ್ ತಮ್ಮ ಪ್ರತಿಗಳನ್ನು 1943ರಲ್ಲಿ ಲಾನ್‌ಝೌ, 1944ರಲ್ಲಿ ಚೆಂಗ್ದು ಮತ್ತು ಚೋಂಗ್‌ಚಿಂಗ್ ನಗರಗಳಲ್ಲಿ ತೋರಿಸಿದರು. ಜಪಾನಿನೊಂದಿಗೆ ಯುದ್ಧ ನಡೆಯುತ್ತಿದ್ದ, ಸರ್ಕಾರವೇ ಒಳನಾಡಿಗೆ ಸರಿದಿದ್ದ ಆ ದಿನಗಳಲ್ಲಿ ಪಶ್ಚಿಮದ ಮರುಭೂಮಿಯ ಕಲೆ ರಾಷ್ಟ್ರದ ಆಸ್ತಿ ಎಂಬ ಭಾವನೆ ಬೇರೂರಿದ್ದು ಇಲ್ಲಿಂದ. ಚೋಂಗ್‌ಚಿಂಗ್‌ನಲ್ಲಿ ಈ ಪ್ರದರ್ಶನ ನೋಡಿದ ಕಲಾವಿದ್ಯಾರ್ಥಿಗಳಲ್ಲಿ ದುವಾನ್ ವೆನ್‌ಜಿಯೆ ಒಬ್ಬರು. 1946ರಲ್ಲಿ ಗುಹೆಗಳಿಗೆ ಹೋದ ಅವರು ಮುಂದೆ ಅಕಾಡೆಮಿಯ ನಿರ್ದೇಶಕರಾದರು. ಸಂಸ್ಥೆಯ ಪ್ರತಿಗಳು 1948ರಲ್ಲಿ ನಾನ್‌ಜಿಂಗ್, ಶಾಂಘೈಗಳಲ್ಲಿ ಪ್ರದರ್ಶನಗೊಂಡವು. 1951ರಲ್ಲಿ ಬೀಜಿಂಗ್ ಅರಮನೆಯ ದಕ್ಷಿಣ ದ್ವಾರದ ಮೇಲ್ಮಹಡಿಯಲ್ಲಿ ನಡೆದ ಪ್ರದರ್ಶನ ಹೊಸ ಗಣರಾಜ್ಯದ ಮೊದಲ ದೊಡ್ಡ ದುನ್‌ಹುವಾಂಗ್ ಪ್ರದರ್ಶನ. 2008ರ ಆರಂಭದಲ್ಲಿ ಬೀಜಿಂಗ್‌ನ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿ ಪ್ರತಿಗುಹೆಗಳ ಸಮೇತ ನಡೆದದ್ದು ಜನಸಂದಣಿಗೆ ಹೆಸರಾಯಿತು. ಗುಹೆಗಳ ಎದುರಿಗೇ ಜಪಾನಿನ ನೆರವಿನಿಂದ ಕಟ್ಟಿದ ಪ್ರದರ್ಶನ ಕೇಂದ್ರ 1994ರಲ್ಲಿ ತೆರೆಯಿತು.

ಹೊರನಾಡುಗಳಲ್ಲಿ

ಸ್ಟೈನ್ ತಂದ ಚಿತ್ರ ಹಸ್ತಪ್ರತಿಗಳನ್ನು ಬ್ರಿಟಿಷ್ ಮ್ಯೂಸಿಯಂ 1914ರಲ್ಲಿ ಮೊದಲ ಬಾರಿಗೆ ವ್ಯವಸ್ಥಿತವಾಗಿ ತೋರಿಸಿತು. 1990ರಲ್ಲಿ ಅಲ್ಲೇ ಸಹಸ್ರಬುದ್ಧ ಗುಹೆಗಳ ಪ್ರದರ್ಶನ ನಡೆಯಿತು. 2004ರಲ್ಲಿ ಬ್ರಿಟಿಷ್ ಲೈಬ್ರರಿ ರೇಷ್ಮೆದಾರಿಯ ವ್ಯಾಪಾರ, ಪ್ರಯಾಣ, ಯುದ್ಧ, ನಂಬಿಕೆಗಳನ್ನು ವಸ್ತುವಾಗಿಟ್ಟುಕೊಂಡು ಪ್ರದರ್ಶನ ನಡೆಸಿತು. ಜಪಾನಿನಲ್ಲಿ 1958ರಲ್ಲಿ ಟೋಕಿಯೋ ಮತ್ತು ಕ್ಯೋಟೋಗಳಲ್ಲಿ ಪ್ರತಿಗಳನ್ನಿಟ್ಟರು. ಎರಡೂ ದೇಶಗಳ ನಡುವೆ ಆಗ ರಾಜತಾಂತ್ರಿಕ ಸಂಬಂಧವೇ ಇರಲಿಲ್ಲ. ನ್ಯೂಯಾರ್ಕಿನಲ್ಲಿ 1926ರಲ್ಲಿ ಸ್ಥಾಪನೆಯಾದ ಚೀನಾ ಇನ್‌ಸ್ಟಿಟ್ಯೂಟ್ 2013ರಲ್ಲಿ ದುನ್‌ಹುವಾಂಗ್ ಬೌದ್ಧ ಕಲೆಯ ಪ್ರದರ್ಶನ ಏರ್ಪಡಿಸಿತು.

ಇವುಗಳಲ್ಲಿ ರಚನೆಯ ದೃಷ್ಟಿಯಿಂದ ಗಮನಿಸಬೇಕಾದುದು ಲಾಸ್ ಏಂಜಲಿಸ್‌ನ ಗೆಟ್ಟಿ ಕೇಂದ್ರದಲ್ಲಿ 2016ರ ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ನಡೆದ ಪ್ರದರ್ಶನ. ಗೆಟ್ಟಿ ಸಂರಕ್ಷಣ ಸಂಸ್ಥೆ 1989ರಿಂದ ಮೊಗಾವೊದಲ್ಲಿ ಕೆಲಸ ಮಾಡುತ್ತ ಬಂದಿತ್ತು. ಪ್ರದರ್ಶನಕ್ಕೆ ಮೂರು ಮೆಟ್ಟಿಲುಗಳಿದ್ದವು. 275, 285 ಮತ್ತು 320ನೆಯ ಗುಹೆಗಳ ಕೈಯಿಂದ ಚಿತ್ರಿಸಿದ ಪೂರ್ಣಗಾತ್ರದ ಪ್ರತಿಗುಹೆಗಳನ್ನು ಹೊರಗೆ ನಿಲ್ಲಿಸಿದ್ದರು. 45ನೆಯ ಗುಹೆಯನ್ನು ಮೂರು ಆಯಾಮದ ಕನ್ನಡಕದಲ್ಲಿ ತೋರಿಸಿದರು. ಮೂಲ ವಸ್ತುಗಳು ಗಾಜಿನ ಹಿಂದೆ ಇದ್ದವು. ವಜ್ರಚ್ಛೇದಿಕಾ ಸೂತ್ರವೂ ಲಂಡನ್ನಿನಿಂದ ಬಂದಿತ್ತು. 2024ರ ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಲೈಬ್ರರಿ ದುನ್‌ಹುವಾಂಗ್‌ನ ದಿನನಿತ್ಯದ ಬದುಕನ್ನು ಕುರಿತು, ಬ್ರಿಟಿಷ್ ಮ್ಯೂಸಿಯಂ ರೇಷ್ಮೆದಾರಿಗಳನ್ನು ಕುರಿತು ಏಕಕಾಲಕ್ಕೆ ಪ್ರದರ್ಶನ ತೆರೆದು 2025ರ ಫೆಬ್ರವರಿವರೆಗೆ ನಡೆಸಿದವು.

ಭಾರತದಲ್ಲಿ

ಸ್ಟೈನ್‌ನ ಎರಡನೆಯ ಯಾತ್ರೆಯ ವೆಚ್ಚದಲ್ಲಿ ಐದರಲ್ಲಿ ಮೂರು ಪಾಲನ್ನು ಭಾರತ ಸರ್ಕಾರ ಭರಿಸಿತ್ತು. ಅದಕ್ಕೆ ತಕ್ಕಂತೆ ರೇಷ್ಮೆಪಟಗಳ ಪಾಲು ದೆಹಲಿಗೆ ಬಂದು, ಈಗ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಮಧ್ಯ ಏಷ್ಯಾ ಸಂಗ್ರಹದಲ್ಲಿದೆ. ಚೀನಾದ ಸಾಂಸ್ಕೃತಿಕ ನಿಯೋಗ 1951ರಲ್ಲಿ ಭಾರತ ಮತ್ತು ಬರ್ಮಾಗಳಿಗೆ ಬಂದಾಗ ಚಾಂಗ್ ಶುಹೋಂಗ್ ಅದರ ಸದಸ್ಯರಾಗಿದ್ದರು; ದುನ್‌ಹುವಾಂಗ್ ಪ್ರತಿಗಳು ಆಗ ಭಾರತದಲ್ಲೂ ಪ್ರದರ್ಶನಗೊಂಡವು. ಸಂಸ್ಕೃತ ವಿದ್ವಾಂಸ ರಘುವೀರ 1955ರ ಚೀನಾ ಯಾತ್ರೆಯಲ್ಲಿ ದುನ್‌ಹುವಾಂಗ್‌ಗೆ ಹೋಗಿದ್ದರು. ದುವಾನ್ ವೆನ್‌ಜಿಯೆ ಅವರ ಬರಹಗಳನ್ನು ತಾನ್ ಚುಂಗ್ ಸಂಪಾದಿಸಿ, ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಿಂದ 1994ರಲ್ಲಿ ಇಂಗ್ಲಿಷಿನಲ್ಲಿ ಹೊರತಂದರು. ತಾನ್ ಚುಂಗ್‌ರ ತಂದೆ ತಾನ್ ಯುನ್‌ಶಾನ್, 1937ರಲ್ಲಿ ಶಾಂತಿನಿಕೇತನದಲ್ಲಿ ಆರಂಭವಾದ ಚೀನಾ ಭವನದ ಮೊದಲ ನಿರ್ದೇಶಕರು.

ರಂಗ ಮತ್ತು ಚಲನಚಿತ್ರ

ಗುಹಾಚಿತ್ರಗಳಲ್ಲಿ ವಾದ್ಯಗಾರರು, ನರ್ತಕಿಯರು, ಗಂಧರ್ವರಂಥ ಫೇಯ್ತಿಯನ್ ಎಂಬ ಹಾರುವ ದೇವತೆಗಳು ತುಂಬಿದ್ದಾರೆ. ಗಾನ್ಸು ಪ್ರಾಂತ್ಯದ ನೃತ್ಯತಂಡ ಈ ಭಂಗಿಗಳನ್ನು ಜೋಡಿಸಿ 1979ರಲ್ಲಿ ‘ರೇಷ್ಮೆದಾರಿಯ ಹೂಮಳೆ’ ನೃತ್ಯರೂಪಕವನ್ನು ರಂಗಕ್ಕೆ ತಂದಿತು. ಬೆನ್ನ ಹಿಂದೆ ಪೀಪಾ ವಾದ್ಯವನ್ನು ಹಿಡಿದು ನುಡಿಸುವ ಅದರ ಪ್ರಸಿದ್ಧ ಭಂಗಿ 112ನೆಯ ಗುಹೆಯದು. ಕೊರಳು, ಸೊಂಟ, ಮೊಣಕಾಲುಗಳು ಮೂರು ಕಡೆ ಬಾಗುವ ಈ ನಿಲುವು ಭಾರತೀಯ ಶಿಲ್ಪದ ತ್ರಿಭಂಗಿಯ ಬಂಧು. ನೃತ್ಯರೂಪಕ 1982ರಲ್ಲಿ ಚಲನಚಿತ್ರವಾಯಿತು. ಚೀನಾದ ನೃತ್ಯಶಾಲೆಗಳಲ್ಲಿ ದುನ್‌ಹುವಾಂಗ್ ನೃತ್ಯ ಎಂಬ ಪ್ರತ್ಯೇಕ ಪದ್ಧತಿಯೇ ಬೆಳೆಯಿತು. ಸಹಸ್ರಹಸ್ತ ಅವಲೋಕಿತೇಶ್ವರನ ರೂಪವನ್ನು ಆಧರಿಸಿ ಝಾಂಗ್ ಜಿಗಾಂಗ್ ಸಂಯೋಜಿಸಿದ, ಕಿವಿ ಕೇಳದ ಕಲಾವಿದರ ನೃತ್ಯ 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್ ಸಮಾರೋಪದಲ್ಲಿ ಜಗತ್ತಿನ ಗಮನ ಸೆಳೆಯಿತು.

ಚಲನಚಿತ್ರಗಳಲ್ಲಿ ಚೀನೀ ಮಕ್ಕಳ ಎರಡು ಮೂರು ತಲೆಮಾರುಗಳಿಗೆ ಗೊತ್ತಿರುವುದು ‘ಒಂಬತ್ತು ಬಣ್ಣದ ಜಿಂಕೆ’. ಶಾಂಘೈ ಅನಿಮೇಷನ್ ಸ್ಟುಡಿಯೋ 1981ರಲ್ಲಿ ತಯಾರಿಸಿದ, ಚಿಯನ್ ಜಿಯಾಜುನ್ ಮತ್ತು ದಾಯ್ ತಿಯೆಲಾಂಗ್ ನಿರ್ದೇಶಿಸಿದ ಈ ಕಿರುಚಿತ್ರಕ್ಕೆ ಆಧಾರ 257ನೆಯ ಗುಹೆಯಲ್ಲಿರುವ ರುರು ಜಾತಕದ ಚಿತ್ರಪಟ್ಟಿ. ಗೋಡೆಯ ಮೇಲೆ ಕಥೆ ಎರಡು ತುದಿಗಳಿಂದ ಆರಂಭವಾಗಿ, ಜಿಂಕೆಯೂ ರಾಜನೂ ಎದುರಾಗುವ ನಡುವಿನ ದೃಶ್ಯದಲ್ಲಿ ಮುಗಿಯುತ್ತದೆ. ಸಿನಿಮಾ ಅದನ್ನು ನೇರ ಸರಣಿಗೆ ತಂದಿತಾದರೂ, ಬೆಟ್ಟ ಮರಗಳ ಚಪ್ಪಟೆ ವಿನ್ಯಾಸ ಮತ್ತು ಕೆಮ್ಮಣ್ಣಿನ ಹಿನ್ನೆಲೆಗಳನ್ನು ಗೋಡೆಯಿಂದಲೇ ಎತ್ತಿಕೊಂಡಿತು.

ಜಪಾನಿನ ಎನ್‌ಎಚ್‌ಕೆ ಮತ್ತು ಚೀನಾದ ಸರ್ಕಾರಿ ಟೆಲಿವಿಷನ್ ಜಂಟಿಯಾಗಿ ಚಿತ್ರೀಕರಿಸಿ 1980ರಲ್ಲಿ ಪ್ರಸಾರವಾದ ‘ಸಿಲ್ಕ್ ರೋಡ್’ ಸಾಕ್ಷ್ಯಚಿತ್ರ ಸರಣಿ ಜಪಾನಿನಲ್ಲಿ ದುನ್‌ಹುವಾಂಗ್‌ನ ಗೀಳನ್ನೇ ಹಚ್ಚಿತು. ಇನೊಉಎ ಯಾಸುಶಿಯ 1959ರ ಕಾದಂಬರಿಯನ್ನು ಆಧರಿಸಿ ಜುನ್ಯಾ ಸಾತೋ ನಿರ್ದೇಶಿಸಿದ ‘ದುನ್‌ಹುವಾಂಗ್’ (1988) ಜಪಾನ್ ಅಕಾಡೆಮಿಯ ಅತ್ಯುತ್ತಮ ಚಿತ್ರ ಪ್ರಶಸ್ತಿ ಪಡೆಯಿತು. ಶಿಶ್ಯಾ ರಾಜ್ಯದ ಸೇನೆಯ ದಾಳಿಗೆ ಹೆದರಿ ಗ್ರಂಥಗಳನ್ನು ಅಡಗಿಸಿದರೆಂಬುದು ಅದರ ಕಥೆ. ಗ್ರಂಥಗುಹೆಯನ್ನು ಏಕೆ ಮುಚ್ಚಿದರೆಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ: ದಾಳಿಯ ಭಯ ಒಂದು ವಾದ, ಹಳೆಯ ಪವಿತ್ರ ಹಾಳೆಗಳ ವಿಲೇವಾರಿ ಇನ್ನೊಂದು. ಜನಮನದಲ್ಲಿ ಗೆದ್ದದ್ದು ಕಾದಂಬರಿಯ ಉತ್ತರ. ಚಿತ್ರಕ್ಕಾಗಿ ಪಟ್ಟಣದ ಹೊರಗೆ ಕಟ್ಟಿದ ಕೋಟೆಯ ಸೆಟ್ ಪ್ರವಾಸಿ ತಾಣವಾಗಿ ಉಳಿದಿದೆ.

ಪ್ರದರ್ಶನದ ಮಿತಿ

ಗುಹೆಗಳು 1979ರಲ್ಲಿ ಪ್ರವಾಸಿಗಳಿಗೆ ತೆರೆದವು. ಹಾನಿಗೆ ಮೂಲ ಉಪ್ಪು. ಬಂಡೆಯಿಂದ ಗಾರೆಗೆ ಇಳಿದಿರುವ ಲವಣಗಳು ಗಾಳಿಯ ತೇವ ಹೀರಿ ಕರಗುತ್ತವೆ. ಗಾಳಿ ಒಣಗಿದಾಗ ಹರಳುಗಟ್ಟಿ ಉಬ್ಬಿ, ಬಣ್ಣದ ಪದರವನ್ನು ಹಪ್ಪಳದಂತೆ ಎಬ್ಬಿಸುತ್ತವೆ. ಮರುಭೂಮಿಯ ಒಣಹವೆಯಲ್ಲಿ ಸಾವಿರ ವರ್ಷ ಮಲಗಿದ್ದ ಈ ಕ್ರಿಯೆಯನ್ನು ಜನರ ಉಸಿರು, ಬೆವರು, ಮಳೆಗಾಲದಲ್ಲಿ ತೆರೆದಿಟ್ಟ ಬಾಗಿಲು ಎಚ್ಚರಗೊಳಿಸುತ್ತವೆ. ಗೆಟ್ಟಿ ಸಂಸ್ಥೆಯೊಂದಿಗೆ ನಡೆಸಿದ ಅಧ್ಯಯನದಿಂದ ಅಕಾಡೆಮಿ ಗುಹೆಯೊಳಗಿನ ಸಾಪೇಕ್ಷ ಆರ್ದ್ರತೆಗೆ ಶೇ. 62, ಇಂಗಾಲದ ಡೈಆಕ್ಸೈಡಿಗೆ ದಶಲಕ್ಷಕ್ಕೆ 1,500 ಭಾಗ ಎಂಬ ಮೇಲ್ಮಿತಿಗಳನ್ನು ಗೊತ್ತುಮಾಡಿತು. ಮಿತಿ ಮೀರಿದ ಗುಹೆಗೆ ಬೀಗ ಬೀಳುತ್ತದೆ. ತೀರ ಚಿಕ್ಕ ಗುಹೆಗಳನ್ನು ತೆರೆಯುವುದೇ ಇಲ್ಲ.

1998ರಿಂದ 2015ರವರೆಗೆ ನಿರ್ದೇಶಕರಾಗಿದ್ದ ಪುರಾತತ್ತ್ವಜ್ಞೆ ಫಾನ್ ಜಿನ್‌ಶಿ ಇದಕ್ಕೆ ಕಂಡುಕೊಂಡ ದಾರಿ, ಗುಹೆಗೆ ಹೋಗುವ ಮೊದಲೇ ಗುಹೆಯನ್ನು ತೋರಿಸುವುದು. 1990ರ ದಶಕದ ಕೊನೆಯಲ್ಲಿ ಅಮೆರಿಕದ ಮೆಲನ್ ಪ್ರತಿಷ್ಠಾನದ ನೆರವಿನಿಂದ ಗೋಡೆಗಳ ಡಿಜಿಟಲ್ ಛಾಯಾಗ್ರಹಣ ಆರಂಭವಾಗಿತ್ತು. ಹಳಿಯ ಮೇಲೆ ಚಲಿಸುವ ಕ್ಯಾಮೆರಾ ಒಂದೊಂದು ಗೋಡೆಯನ್ನು ನೂರಾರು ತುಣುಕುಗಳಾಗಿ ಸೆರೆಹಿಡಿಯುತ್ತದೆ. ಕಂಪ್ಯೂಟರಿನಲ್ಲಿ ಅವನ್ನು ಹೊಲಿಯುತ್ತಾರೆ. 2012ರಲ್ಲಿ ಹಾಂಗ್‌ಕಾಂಗ್ ಸಿಟಿ ವಿಶ್ವವಿದ್ಯಾಲಯದ ತಂಡ 220ನೆಯ ಗುಹೆಯನ್ನು ಸುತ್ತುವರಿದ ಪರದೆಯ ಮೇಲೆ ಮೂಡಿಸಿತು. 2014ರಲ್ಲಿ ಗುಹೆಗಳಿಂದ ದೂರದಲ್ಲಿ ಡಿಜಿಟಲ್ ಪ್ರದರ್ಶನ ಕೇಂದ್ರ ತೆರೆಯಿತು. ಮರಳುದಿಬ್ಬದಂತೆ ಕಾಣುವ ಅದರ ಕಟ್ಟಡದ ವಾಸ್ತುಶಿಲ್ಪಿ ತ್ಸುಯ್ ಕಾಯ್. ಪ್ರವಾಸಿ ಇಲ್ಲಿ ಇತಿಹಾಸದ ಒಂದು ಚಿತ್ರವನ್ನೂ, ಗುಮ್ಮಟದ ಪರದೆಯ ಮೇಲೆ ಗುಹೆಗಳ ಒಳಭಾಗದ ಇನ್ನೊಂದು ಚಿತ್ರವನ್ನೂ ನೋಡಿ, ಬಳಿಕ ಬಸ್ಸಿನಲ್ಲಿ ಬಂಡೆಯ ಬುಡಕ್ಕೆ ಹೋಗುತ್ತಾನೆ.

ಇಂದಿನ ಸ್ಥಿತಿ

ಪೂರ್ಣ ದರ್ಶನದ ಟಿಕೆಟ್ಟುಗಳ ಸಂಖ್ಯೆ ದಿನಕ್ಕೆ 6,000. ಅವನ್ನು ಮುಂಗಡ ಕಾಯ್ದಿರಿಸಬೇಕು. ಎರಡು ಚಲನಚಿತ್ರ ಮತ್ತು ಎಂಟು ಗುಹೆ ಇದರಲ್ಲಿ ಸೇರಿವೆ. ಬೇಸಗೆಯ ದಟ್ಟಣೆಯಲ್ಲಿ ನಾಲ್ಕೇ ಗುಹೆಗಳ ತುರ್ತು ಟಿಕೆಟ್ಟುಗಳನ್ನು ಹೆಚ್ಚುವರಿಯಾಗಿ ಕೊಡುತ್ತಾರೆ. ಸುಮಾರು 25 ಜನರ ತಂಡಕ್ಕೆ ಒಬ್ಬ ವಿವರಣಕಾರ; ಒಳಗೆ ದೀಪಗಳಿಲ್ಲ, ವಿವರಣಕಾರನ ಕೈಬ್ಯಾಟರಿಯ ಬೆಳಕು ಬಿದ್ದಷ್ಟೇ ಚಿತ್ರ. ಛಾಯಾಗ್ರಹಣಕ್ಕೆ ಅವಕಾಶವಿಲ್ಲ. ವರ್ಷದ ಪ್ರವಾಸಿಗಳ ಸಂಖ್ಯೆ 2019ರಲ್ಲಿ 20 ಲಕ್ಷ ದಾಟಿತು.

ಅಕಾಡೆಮಿ 2016ರಲ್ಲಿ 30 ಗುಹೆಗಳ ಸೂಕ್ಷ್ಮಚಿತ್ರಗಳನ್ನು ಅಂತರಜಾಲದಲ್ಲಿ ಜಗತ್ತಿಗೆಲ್ಲ ಮುಕ್ತಗೊಳಿಸಿತು. ಡಿಜಿಟಲ್ ಛಾಯಾಗ್ರಹಣ ಮುಗಿದ ಗುಹೆಗಳು ಈಗ 200ಕ್ಕೂ ಹೆಚ್ಚು. ಬ್ರಿಟಿಷ್ ಲೈಬ್ರರಿಯಲ್ಲಿ 1994ರಲ್ಲಿ ಆರಂಭವಾದ ಅಂತರರಾಷ್ಟ್ರೀಯ ದುನ್‌ಹುವಾಂಗ್ ಯೋಜನೆ ಚದುರಿದ ಹಸ್ತಪ್ರತಿಗಳನ್ನು ಒಂದೇ ಜಾಲತಾಣದಲ್ಲಿ ಸೇರಿಸುತ್ತಿದೆ. 2023ರಲ್ಲಿ ಗ್ರಂಥಗುಹೆಯ ಡಿಜಿಟಲ್ ರೂಪ ಬಂತು. ಅದರಲ್ಲಿ ನೋಡುಗ ಪಾತ್ರವಾಗಿ ತಾಂಗ್ ಕಾಲದ ಹೋಂಗ್‌ಬಿಯನ್‌ನನ್ನು ಭೇಟಿಮಾಡಬಹುದು. 2016ರಿಂದ ದುನ್‌ಹುವಾಂಗ್ ಪಟ್ಟಣದಲ್ಲಿ ಸರ್ಕಾರಿ ಪ್ರಾಯೋಜಕತ್ವದ ರೇಷ್ಮೆದಾರಿ ಸಾಂಸ್ಕೃತಿಕ ಮೇಳವೂ ನಡೆಯುತ್ತಿದೆ.

ಹಳೆಯ ಉತ್ಸವಗಳಲ್ಲಿ ಉಳಿದಿರುವುದು ನಾಲ್ಕನೆಯ ತಿಂಗಳ ಎಂಟನೆಯ ದಿನದ ಬುದ್ಧಜಯಂತಿಯ ಜಾತ್ರೆ. ಆ ದಿನ ಸುತ್ತಲಿನ ಊರುಗಳ ಜನ ಮೊಗಾವೊಗೆ ಬಂದು, 96ನೆಯ ಗುಹೆಯ 35.5 ಮೀಟರ್ ಎತ್ತರದ ಬುದ್ಧನ ಮೂರ್ತಿಯನ್ನು ಹೊದ್ದಿರುವ ಒಂಬತ್ತು ಅಂತಸ್ತಿನ ಕೆಂಪು ಗೋಪುರದ ಮುಂದೆ ಊದುಬತ್ತಿ ಹಚ್ಚುತ್ತಾರೆ.